ಮೂಗಿನ ನೇರಕ್ಕೆ

"ಅಣ್ಣಾ, ಒಂದು ಸಣ್ಣ ಸಂದೇಹ. ಮೂಗು ಹಡಗೋ, ಅಲ್ವೋ?" ಕೆನ್ನೆಗೆ ನೊರೆ ಹಚ್ಚಿಕೊಂಡು ಕನ್ನಡಿಯೆದುರು ನಿಂತವನು ಮೆಲ್ಲಗೆ ಹೇಳಿ ನೋಡಿದ. ದನಿ ನಡುಗಿತು. ಇನ್ನೊಮ್ಮೆ ಹೇಳಿದ, ಈ ಸಲ ನಡುಗಲಿಲ್ಲ, ಆದರೆ ಕಾಲು ಕೆರೆದು ಜಗಳಕ್ಕೆ ಬಂದವನ ಹಾಗೆ ಕೇಳಿಸಿತು. ಹಾಗೆ ಕೇಳಿಸಕೂಡದು. ಏನೂ ತಿಳಿಯದ ಕಿರಿಯವನು ಎಲ್ಲ ತಿಳಿದ ಹಿರಿಯನನ್ನು ಕೇಳಿದಂತಿರಬೇಕು. ಆಗ ಷಡ್ಡಕ ಉಬ್ಬುತ್ತಾನೆ. ಉಬ್ಬಿದವನು ಯೋಚನೆ ಮಾಡುವುದಿಲ್ಲ, ಎಲ್ಲರೆದುರು ತೀರ್ಪು ಕೊಟ್ಟುಬಿಡುತ್ತಾನೆ. ಕೊಟ್ಟ ಮೇಲೆ ಅದು ಅವನ ಕೊರಳಿಗೇ ಉರುಳು. ಹೆಂಡತಿಯ ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ 'ಅಣ್ಣಾ' ಎಂದು ಕರೆಯಬೇಕಾಗಿ ಬಂದ ಆ ಮನುಷ್ಯನ ಮುಖ, ಇವತ್ತು ಮಧ್ಯಾಹ್ನ ತನ್ನ ತೀರ್ಪೇ ತಿರುಗಿ ಕಚ್ಚಿದಾಗ ಹೇಗಿರಬಹುದೆಂದು ಅವನು ಕನ್ನಡಿಯಲ್ಲೇ ಮಾಡಿ ನೋಡಿದ: ಬಾಯಿ ಅರ್ಧ ತೆರೆದು, ಹುಬ್ಬು ಮೇಲೇರಿ. ನೊರೆಯ ನಡುವೆ ಕಂಡದ್ದು ಅವನದೇ ಮುಖ, ಆವತ್ತಿನ ಮುಖ. "ಯಾರ ಹತ್ರ ಮಾತಾಡ್ತಾ ಇದ್ದೀರಿ?" ಬಾಗಿಲ ಹೊರಗಿನಿಂದ ಹೆಂಡತಿ ಕೇಳಿದಳು. "ಯಾರ ಹತ್ರಾನೂ ಇಲ್ಲ." "ಅಯ್ಯೋ, ಮೂಗಣ್ಣಂಗೆ ಮಾತು ಬಂತು ಅಂತ ಅಕ್ಕಂಗೆ ಫೋನ್ ಮಾಡೋಣ ಅಂತಿದ್ದೆ," ಎಂದು ಅವಳು ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಆ ಹೆಸರು ಮನೆಯ ಪಾತ್ರೆ ಪಡಗದ ಹಾಗೆ ಬಳಕೆಗೆ ಬಿದ್ದುಹೋಗಿತ್ತು, ಅದೇ ಅವನಿಗೆ ಉರಿಯುತ್ತಿದ್ದುದು. ಬ್ಲೇಡು ಗಲ್ಲಕ್ಕೆ ತಾಗಿ ಒಂದು ಹನಿ ರಕ್ತ ಬಂತು. ಹತ್ತಿ ಒತ್ತಿಕೊಂಡು ಅವನು ಮತ್ತೆ ಮೊದಲಿನಿಂದ ಹೇಳಿದ.

ಆ ಹೆಸರು ಹುಟ್ಟಿದ್ದು ದರ್ಜಿಯ ಅಂಗಡಿಯ ಮಾಳಿಗೆಯಲ್ಲಿ. ರಜೆಯ ದಿನ ಮಧ್ಯಾಹ್ನ, ಬಟ್ಟೆ ಕತ್ತರಿಸುವ ಮೇಜುಗಳನ್ನು ಜೋಡಿಸಿ ಮೇಲೆ ನೀಲಿ ಲೈನಿಂಗ್ ಬಟ್ಟೆ ಹಾಸಿದರೆ ಅದು ಸಮುದ್ರ. ಪ್ಲಾಸ್ಟರಿನ ಮುದ್ದೆಗಳು ಬಂಡೆಗಳು. ಬೆರಳುದ್ದದ ಯುದ್ಧದ ಹಡಗುಗಳನ್ನು ಸರದಿಯ ಪ್ರಕಾರ ಅಳತೆಪಟ್ಟಿ ಹಿಡಿದು ಸರಿಸುವುದು, ದಾಳ ಉರುಳಿಸಿ ಗುಂಡು ಹಾರಿಸುವುದು, ಇಷ್ಟೇ ಆಟ. ಆಟ ತಂದವನು ಷಡ್ಡಕ, ನಿಯಮದ ಪುಸ್ತಕ ಅವನದು, ಹಾಗಾಗಿ ಆಡುವವನೂ ಅವನೇ ತೀರ್ಪುಗಾರನೂ ಅವನೇ. ಆ ಪುಸ್ತಕ ಬರೆದ ಪುಣ್ಯಾತ್ಮನಿಗೆ ಸಮುದ್ರ ಗೊತ್ತಿತ್ತು, ಷಡ್ಡಕರು ಗೊತ್ತಿರಲಿಲ್ಲ. ಒಂದೇ ಸರದಿಯಲ್ಲಿ ಇಬ್ಬರೂ ಗುಂಡು ಹಾರಿಸಿ ಇಬ್ಬರೂ ಮುಳುಗಿದರೆ ಗೆದ್ದವರು ಯಾರು? ಮುಳುಗುತ್ತಿರುವ ಹಡಗಿನ ಮರೆಯಲ್ಲಿ ನಿಂತವನಿಗೆ ಗುಂಡು ತಾಗುತ್ತದೋ ಇಲ್ಲವೋ? ಪುಸ್ತಕದಲ್ಲಿ ಉತ್ತರವಿಲ್ಲ. ಅಂಥಲ್ಲೆಲ್ಲ ಷಡ್ಡಕ ಬಾಯಿ ಹಾಕುತ್ತಿದ್ದ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕಸುಬು, ತೀರ್ಪನ್ನೂ ಹಾಗೆಯೇ ಕೂಗುತ್ತಿದ್ದ: "ಒಂದು ಸಲ! ಎರಡು ಸಲ! ಮೂರು ಸಲ!" ಮೂರನೆಯದಕ್ಕೆ ಅಂಗೈ ಮೇಜಿನ ಮೇಲೆ. ಅಷ್ಟರೊಳಗೆ ಎತ್ತದ ತಕರಾರು ಸತ್ತ ತಕರಾರು. ಒಮ್ಮೆ ಇವನು ಗುಂಡು ಹಾರಿಸಿದಾಗ ಅಳತೆಪಟ್ಟಿ ಷಡ್ಡಕನ ಹಡಗಿನ ಮುಂತುದಿಯಿಂದ ಚಾಚಿದ್ದ ಕೋಲನ್ನಷ್ಟೇ ಮುಟ್ಟಿತು. ಆ ಕೋಲಿಗೆ ಎಲ್ಲರೂ ಮೂಗು ಎನ್ನುತ್ತಿದ್ದರು. "ಮೂಗು ಹಡಗಲ್ಲಪ್ಪ, ಅಲಂಕಾರ," ಎಂದ ಷಡ್ಡಕ, ಗುಂಡು ತಪ್ಪಿತು. ಅದಾದ ಮೇಲಿನ ಆಟದಲ್ಲಿ ಇವನ ಹಡಗಿನ ಮೂಗು ಬಂಡೆಗೆ ಸೋಕಿತು. ಬಂಡೆಗೆ ತಾಗಿದ ಹಡಗು ಎದುರಾಳಿಯ ಪಾಲು. "ಮೂಗೂ ಹಡಗೇ. ನಿನ್ನ ಮೂಗು ನಿಂದಲ್ವಾ? ಒಂದು ಸಲ!" ಹೋದ ಸಲ ಬೇರೆ ಹೇಳಿದ್ದಿರಲ್ಲ ಎಂಬ ಮಾತು ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. "ಎರಡು ಸಲ!" ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. "ಮೂರು ಸಲ!" ಅಂಗೈ ಬಿತ್ತು, ಹಡಗುಗಳು ಕುಪ್ಪಳಿಸಿದವು. ಷಡ್ಡಕ ಬಗ್ಗಿ, ತೆರೆದೇ ಇದ್ದ ಅವನ ಬಾಯೊಳಗೆ ಇಣುಕಿ, "ಮೂಗು ಹೋಯ್ತು ಅಂತ ಇವನು ಮೂಗನೇ ಆಗಿಬಿಟ್ನಲ್ರಪ್ಪಾ!" ಎಂದ. ದರ್ಜಿ ನಕ್ಕ. ಅಳೆದು ತೂಗಿ ನಗುವ ಔಷಧಿ ಅಂಗಡಿಯವನೂ ಕಣ್ಣೊರೆಸಿಕೊಂಡು ನಕ್ಕ. ಎಲ್ಲರ ಜೊತೆ ತಾನೂ ನಕ್ಕದ್ದು ನೆನಪಾದಾಗಲೆಲ್ಲ ಅವನಿಗೆ ತನ್ನ ಹಲ್ಲುಗಳ ಮೇಲೆಯೇ ಸಿಟ್ಟು ಬರುತ್ತಿತ್ತು.

ಊಟ ಮುಗಿಸಿ, ಮಾಳಿಗೆಗೆ ಹೋಗುವ ಮೊದಲು ಅವನು ತನ್ನ ಕೆಲಸದ ಕೋಣೆಗೆ ಬಂದ. ಹಲ್ಲಿನ ಡಾಕ್ಟರ ದವಾಖಾನೆಯ ಹಿಂಬದಿ, ಒಂದೇ ಕಿಟಕಿಯ ಕೋಣೆ. ಡಾಕ್ಟರು ಅಳತೆ ತೆಗೆದು ಕಳಿಸಿದ ಬಾಯಿಗಳು ಪ್ಲಾಸ್ಟರಿನ ಅಚ್ಚುಗಳಾಗಿ ಗೋಡೆಯ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಮೇಣದಲ್ಲಿ ವಸಡು ತಿದ್ದುವುದು, ಹಲ್ಲು ಜೋಡಿಸುವುದು, ಬೇಯಿಸುವುದು, ಅರದಿಂದ ಉಜ್ಜುವುದು. ಹಲ್ಲು ಮಾಡಿ ಉಳಿದ ಪುಡಿಯಲ್ಲಿ ಗೆಳೆಯರಿಗೆಲ್ಲ ಹಡಗು ಎರೆದು ಬೂದು ಬಣ್ಣ ಬಳಿದು ಕೊಟ್ಟವನೂ ಅವನೇ. ಅಂಚು ನಯಮಾಡಿಕೊಳ್ಳಿ ಎಂದು ಪ್ರತಿಯೊಬ್ಬರಿಗೂ ಒಂದೊಂದು ತೆಳು ಅರವನ್ನೂ ಕೊಟ್ಟಿದ್ದ. ಈಗ ಅವನು ಬಂದದ್ದು ಖಾನೆಯಲ್ಲಿದ್ದ ನೀಲಿ ಕಾಗದಕ್ಕೆ. ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂದು ನೋಡಲು ಕಚ್ಚಿಸುವ ಕಾಗದ ಅದು. ತಾಗಿದ ಜಾಗದಲ್ಲಿ ನೀಲಿ ಚುಕ್ಕೆ ಬೀಳುತ್ತದೆ, ಬಾಯಿ ಸುಳ್ಳಾಡಿದರೂ ಚುಕ್ಕೆ ಆಡುವುದಿಲ್ಲ. ದವಾಖಾನೆ ಮುಚ್ಚಿದ್ದ ಒಂದು ದಿನ ಇದೇ ಕೋಣೆಯ ಬಾಗಿಲು ತಟ್ಟಿ ಷಡ್ಡಕ ಬಂದಿದ್ದ, ಬಾಯಿಗೆ ಕರವಸ್ತ್ರ ಒತ್ತಿಕೊಂಡು. ಮೇಲಿನ ಹಲ್ಲುಗಳನ್ನೆಲ್ಲ ಡಾಕ್ಟರು ಕಿತ್ತಿದ್ದರು. ಗಂಟಲು ನೋವೆಂದು ಸುಳ್ಳು ಹೇಳಿ ಅವನು ಹರಾಜಿಗೆ ಹೋಗಿರಲಿಲ್ಲ. ಕರವಸ್ತ್ರ ತೆಗೆದಾಗ ಮೇಲ್ದುಟಿ ಒಳಗೆ ಮಡಚಿಕೊಂಡಿತ್ತು. ಅಷ್ಟು ದೊಡ್ಡ ಮನುಷ್ಯ ಅಷ್ಟು ಬೇಗ ಮುದುಕನಾಗಬಹುದೆಂದು ಇವನಿಗೆ ಗೊತ್ತಿರಲಿಲ್ಲ. "ನನ್ನ ಕೆಲಶಾನೇ ಬಾಯಿ," ಎಂದ ಷಡ್ಡಕ. 'ಸ' ಅವನಿಗೆ ಹೊರಡುತ್ತಿರಲಿಲ್ಲ. "ಮಾರ್ಕೆಟ್ಟಿನಲ್ಲಿ ಗೊತ್ತಾದ್ರೆ ಬೊಚ್ಚುಬಾಯಿ ಅಂತ ಕರೀತಾರೆ, ಆಮೇಲೆ ನನ್ನ ಕೂಗಿಗೆ ಬೆಲೆ ಇರಲ್ಲ. ನೀವು ಯಾರಿಗೂ ಹೇಳ್ಬೇಡಿ." ನೀವು! ಮದುವೆಯಾದಂದಿನಿಂದ ನೀನು, ಏನೋ, ಬಾರೋ ಎಂದೇ ಕರೆದವನು. ಆ ಒಂದು ಮಾತಿಗೆ ಇವನ ಮನಸ್ಸು ಕರಗಿಹೋಗಿ, ಎಂಥ ಸಾಹುಕಾರರಿಗೂ ಕಟ್ಟದಷ್ಟು ಚೆಂದದ ಹಲ್ಲು ಕಟ್ಟಿದ. ಮುಂದಿನ ಎರಡು ಹಲ್ಲುಗಳ ನಡುವೆ ಷಡ್ಡಕನಿಗೆ ಮೊದಲಿದ್ದ ಸಣ್ಣ ಸಂದನ್ನೂ ಮರೆಯದೆ ಇಟ್ಟ. ಸೆಟ್ಟು ಬಾಯಿಗೆ ಕೂತ ಕೂಡಲೇ ಷಡ್ಡಕ ಕನ್ನಡಿ ನೋಡಿಕೊಂಡ, ತುಟಿ ಎಳೆದು ನಕ್ಕ, "ಒಂದು ಸಲ, ಎರಡು ಸಲ" ಎಂದು ಕೂಗಿ ನೋಡಿದ. 'ಸ' ಸ್ವಚ್ಛವಾಗಿ ಬಂತು. ಆಮೇಲೆ ಇವನ ಬೆನ್ನು ತಟ್ಟಿ, "ನೀನಾದ್ರೆ ಚಿಂತೆ ಇಲ್ಲ ಬಿಡೋ. ಮೂಗ ಅಲ್ವಾ," ಎಂದ.

ಆಗ ಇವನ ಒಂದು ಕೈಯಲ್ಲಿ ನೀಲಿ ಕಾಗದವಿತ್ತು, ಇನ್ನೊಂದರಲ್ಲಿ ಅರ. ಕಚ್ಚಿಸಿದ್ದೂ ಆಗಿತ್ತು. ಎಡಗಡೆಯ ಕೊನೆಯ ಹಲ್ಲಿನ ಮೇಲೆ ದಟ್ಟವಾದ ನೀಲಿ ಚುಕ್ಕೆ ಬಿದ್ದದ್ದು ಅವನೊಬ್ಬನಿಗೇ ಕಂಡಿತ್ತು: ಆ ಹಲ್ಲು ಕೂದಲೆಳೆಯಷ್ಟು ಎತ್ತರ, ಪ್ರತಿ ತುತ್ತಿಗೂ ಅಲ್ಲಿ ವಸಡು ಒತ್ತುತ್ತದೆ. ಅರ ನಾಲ್ಕು ಸಲ ಆಡಿಸಿದರೆ ಸರಿಹೋಗುತ್ತಿತ್ತು. ಅವನು ಅರವನ್ನು ಮೇಜಿನ ಮೇಲೆ ಇಟ್ಟ. "ಸರಿಯಾಗಿದೆ ಅಣ್ಣಾ. ನೋವಾದ್ರೆ ಬನ್ನಿ." ಬಂದೇ ಬರುತ್ತಾನೆ, ಮತ್ತೆ ಕರವಸ್ತ್ರ ಒತ್ತಿಕೊಂಡು, ಮತ್ತೆ 'ನೀವು' ಎನ್ನುತ್ತ ಬರುತ್ತಾನೆ ಎಂದು ಕಾದ. ಯಾರಾದರೂ ಬಾಗಿಲು ತಟ್ಟಿದರೆ ಎದೆ ಸಿಹಿಯಾಗಿ ಹೊಡೆದುಕೊಳ್ಳುತ್ತಿತ್ತು. ಷಡ್ಡಕ ಬರಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರು ಕೂತು ಗಟ್ಟಿ ತಿಂಡಿಗಳನ್ನೇ ಕಟಕಟನೆ ಅಗಿದು ತೋರಿಸಿದ. ನೋವು ನಾಟಲಿಲ್ಲವೆಂದರೆ ಸೇಡು ತಪ್ಪಿದ ಗುಂಡೇ ಆಯಿತಲ್ಲ! ಆಮೇಲೊಂದು ದಿನ ಷಡ್ಡಕ, "ಕೊನೆಯ ಯುದ್ಧಕ್ಕೆ ನಂಗೊಂದು ಹೊಸ ಹಡಗು ಮಾಡ್ಕೊಡೋ ಮೂಗಣ್ಣ, ನೋಡಿದವರ ಕಣ್ಣು ಕುಕ್ಕಬೇಕು," ಎಂದಾಗ ಇವನಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಹಡಗಿನ ಮೈ ಮಾಮೂಲಿ ಎರೆದ. ಮೂಗನ್ನು ಮಾತ್ರ ಬೇರೆ ಮಾಡಿದ, ಹಳೆಯದಕ್ಕಿಂತ ಉಗುರಿನಗಲ ಉದ್ದಕ್ಕೆ, ತುದಿ ತುಸು ಮೇಲಕ್ಕೆ ಸೆಟೆದು, ಅಹಂಕಾರದ ಮೂಗು. ಅಂಟಿಸಿ, ಉಜ್ಜಿ, ಬಣ್ಣ ಬಳಿದು ಕೊಟ್ಟ. ಷಡ್ಡಕ ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, "ಆಹಾ, ಮೂಗು ಅಂದ್ರೆ ಇದು," ಎಂದಿದ್ದ.

ಮಾಳಿಗೆಯಲ್ಲಿ ಇಸ್ತ್ರಿಯ ಬಿಸಿ ವಾಸನೆಯಿತ್ತು. ಸಮುದ್ರ ಹಾಸಿಯಾಗಿತ್ತು. ದರ್ಜಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನೀಲಿ ಬಟ್ಟೆಯ ಸುಕ್ಕು ತೆಗೆಯುತ್ತಿದ್ದ. ಔಷಧಿ ಅಂಗಡಿಯವನು ದಾಳಗಳನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಅವರಿಬ್ಬರು ಆಗಲೇ ಸೋತು ಹೊರಬಿದ್ದವರು, ಇವತ್ತು ಆಡುವುದಿಲ್ಲ, ನೋಡುತ್ತಾರೆ. ಇವನಿಗೆ ಬೇಕಾದದ್ದೂ ಅದೇ. ಮೆಟ್ಟಿಲ ಕಡೆಯಿಂದ ಷಡ್ಡಕನ ಗಂಟಲು ಮೊದಲು ಬಂತು, ಆಮೇಲೆ ಅವನು. "ಏನೋ ಮೂಗಣ್ಣ, ಗಲ್ಲ ಕುಯ್ಕೊಂಡಿದ್ದೀಯ? ಸೋಲ್ತೀನಿ ಅಂತ ಈಗ್ಲೇ ಪ್ರಾಣ ಬಿಡೋಕೆ ಹೊರಟಿದ್ಯಾ?" ಇಬ್ಬರೂ ನಕ್ಕರು. ಇವನೂ ನಕ್ಕ, ಬೇಕೆಂದೇ ನಕ್ಕ. ಆಮೇಲೆ ಬೆಳಗಿನಿಂದ ಬಾಯಲ್ಲಿಟ್ಟುಕೊಂಡು ಸಾಕಿದ್ದ ಮಾತನ್ನು ಹೊರಗೆ ಬಿಟ್ಟ. "ಅಣ್ಣಾ, ಒಂದು ಸಣ್ಣ ಸಂದೇಹ. ಮೂಗು ಹಡಗೋ, ಅಲ್ವೋ? ಆಟ ಶುರು ಆಗೋ ಮುಂಚೆ ಹೇಳ್ಬಿಡಿ, ಆಮೇಲೆ ನಾನು ಕನ್ಫ್ಯೂಸ್ ಮಾಡ್ಕೊಳ್ತೀನಿ." ನಡುಗಲಿಲ್ಲ. ಕನ್ನಡಿಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿ ಬಂತು. ಷಡ್ಡಕ ತನ್ನ ಹೊಸ ಹಡಗನ್ನು ಸಮುದ್ರಕ್ಕಿಳಿಸುತ್ತ, ಅದರ ಸೆಟೆದ ಮೂಗಿನ ತುದಿಯನ್ನು ಬೆರಳಿನಿಂದ ಸವರಿ, "ಇಂಥಾ ಮೂಗು ಇಟ್ಕೊಂಡು ಅದು ಹಡಗಲ್ಲ ಅಂತ ಹೇಳೋಕಾಗುತ್ತಾ? ಮೂಗೂ ಹಡಗೇ. ಒಂದು ಸಲ, ಎರಡು ಸಲ, ಮೂರು ಸಲ," ಎಂದು ಅಂಗೈ ಬಡಿದ. "ಕೇಳಿಸ್ಕೊಂಡ್ರಲ್ಲಾ?" ಎಂದು ಇವನು ದರ್ಜಿಯನ್ನು ನೋಡಿದ. ದರ್ಜಿ ಪಿನ್ನು ಕಚ್ಚಿಕೊಂಡೇ ತಲೆಯಾಡಿಸಿದ.

ಇನ್ನು ಮಿಕ್ಕದ್ದು ತಾಳ್ಮೆಯ ಕೆಲಸ, ಅದು ಅವನ ಕಸುಬಿನಲ್ಲೇ ಇತ್ತು. ತನ್ನ ದೊಡ್ಡ ಹಡಗುಗಳನ್ನು ಹಿಂದಕ್ಕೆ ಎಳೆದುಕೊಂಡ. ಏಟು ತಿಂದ ಒಂದು ಸಣ್ಣ ದೋಣಿಯನ್ನು ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಾಚೆ, ದಾರಿ ತಪ್ಪಿದ ಕುರಿಮರಿಯ ಹಾಗೆ ನಿಲ್ಲಿಸಿದ. ಆ ಇಕ್ಕಟ್ಟಿನಲ್ಲಿ ಹಳೆಯ ಹಡಗಾದರೆ ಆರಾಮಾಗಿ ತಿರುಗುತ್ತಿತ್ತು. ಮನೆಯಲ್ಲಿ ಹಲಗೆಯ ಮೇಲೆ ಬಂಡೆ ಇಟ್ಟು ಅವನು ಅಳೆದು ನೋಡಿದ್ದ. ಷಡ್ಡಕನಿಗೆ ದುರ್ಬಲರನ್ನು ಕಂಡರೆ ಕೈ ತುರಿಸುತ್ತದೆ. "ಇದೇನೋ, ಮನೆ ಬಾಗಿಲು ತೆರೆದಿಟ್ಟು ಮಲಗಿದ್ದೀಯ," ಎನ್ನುತ್ತ ಅವನು ಹೊಸ ಹಡಗನ್ನು ಇಕ್ಕಟ್ಟಿಗೆ ನುಗ್ಗಿಸಿದ, ಅಳತೆಪಟ್ಟಿ ಹಿಡಿದು ತಿರುಗಿಸಿದ. ಮೂಗು ಬಂಡೆಯ ಕಡೆಗೆ ಅರ್ಧಚಂದ್ರ ಬರೆಯುತ್ತ ಬಂತು. ಹಡಗು ನಿಂತಿತು. "ಅಣ್ಣಾ, ಕೈ ತೆಗೀಬೇಡಿ. ಹಾಗೇ ಇರ್ಲಿ." ಜೇಬಿನಿಂದ ನೀಲಿ ಕಾಗದ ತೆಗೆದು ಮೂಗಿನ ತುದಿಗೂ ಬಂಡೆಗೂ ನಡುವೆ ಮೇಲಿನಿಂದ ಇಳಿಬಿಟ್ಟ. ಕಾಗದ ಇಳಿಯಲಿಲ್ಲ, ಅಲ್ಲೇ ಸಿಕ್ಕಿಕೊಂಡಿತು. ಎಳೆದಾಗ ಬೂದು ಮೂಗಿನ ತುದಿಯಲ್ಲಿ ಅಚ್ಚುಕಟ್ಟಾದ ಒಂದು ನೀಲಿ ಚುಕ್ಕೆ. ಔಷಧಿ ಅಂಗಡಿಯವನು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. "ತಾಗಿದೆಯಲ್ರೀ," ಎಂದ. ಇವನಿಗೆ ಕುಣಿಯಬೇಕೆನಿಸಿತು. ಎಷ್ಟು ಬೆಳಗುಗಳು, ಎಷ್ಟು ನೊರೆ ಮೆತ್ತಿದ ಕೆನ್ನೆಗಳು, ಈ ಒಂದು ಚುಕ್ಕೆಗಾಗಿ. ಷಡ್ಡಕನ ಬಾಯಿ ಅರ್ಧ ತೆರೆದುಕೊಂಡಿತು, ಹುಬ್ಬು ಮೇಲೇರಿತು, ಕನ್ನಡಿಯಲ್ಲಿ ಕಂಡಂತೆಯೇ. ಆದರೆ ಅದು ಒಂದೇ ಕ್ಷಣ. ಅವನು ಬಗ್ಗಿ ತನ್ನ ಹಡಗಿನ ಮುಂತುದಿಗೆ ಕಣ್ಣು ಹತ್ತಿರ ತಂದ, ಉಗುರಿನಿಂದ ಕೆರೆದ. "ಓಹೋ. ಇಲ್ಲೊಂದು ಗೆರೆ ಇದೆ. ಇದು ಹಡಗಿನ ಜೊತೆ ಹುಟ್ಟಿದ ಮೂಗಲ್ಲ ಕಣ್ರಪ್ಪಾ, ಅಂಟಿಸಿದ್ದು. ಹುಟ್ಟಿದ ಮೂಗು ಹಡಗು. ಅಂಟಿಸಿದ್ದೆಲ್ಲಾ ಹಡಗಾಗೋಕೆ ಬರಲ್ಲ."

"ನೀವೇ ತಾನೇ ಆಗ..." ಎಂದ ಇವನು. "ಆಗ ಅಂಟಿಸಿದ್ದು ಅಂತ ನೀನು ಹೇಳಿದ್ಯಾ?" ಷಡ್ಡಕ ನೆಟ್ಟಗೆ ನಿಂತ. ದನಿ ಮಾರುಕಟ್ಟೆಯದಾಯಿತು. "ಅಂಟಿಸಿದ್ದು ಬೇರೆ, ಹಡಗು ಬೇರೆ. ಒಂದು ಸಲ!" ದರ್ಜಿ ಆಗಲೇ ತುಟಿಯಂಚಿನಲ್ಲಿ ನಗು ಕೂಡಿಸಿಕೊಳ್ಳುತ್ತಿದ್ದ, ಹಳೆಯ ಅಭ್ಯಾಸ. ಇವನ ಬಾಯಿ ತೆರೆಯಿತು. ಅದೇ ಮೇಜು, ಅದೇ ಬಾಯಿ. ತನ್ನ ಮೂಗಿನ ನೇರಕ್ಕೆ ಲೋಕವನ್ನೆಲ್ಲ ಅಳೆಯುವ ಈ ಮನುಷ್ಯನೆದುರು ನ್ಯಾಯ ಯಾವತ್ತೂ ಗೆಲ್ಲುವುದಿಲ್ಲ ಎಂದು ಆ ಗಳಿಗೆಯಲ್ಲಿ ಅವನಿಗೆ ಖಚಿತವಾಯಿತು. ಆಗ ಷಡ್ಡಕನ ತೆರೆದ ಬಾಯಲ್ಲಿ, ಮುಂದಿನ ಎರಡು ಹಲ್ಲುಗಳ ನಡುವೆ, ತಾನು ಕಾಳಜಿಯಿಂದ ಇಟ್ಟ ಆ ಸಣ್ಣ ಸಂದು ಕಂಡಿತು. "ಎರಡು..." "ಹಾಗಾದ್ರೆ ನಿಮ್ಮ ಮೇಲಿನ ಹಲ್ಲು ಯಾರದು ಅಣ್ಣಾ?" ಎಂದ. ದನಿ ನಡುಗಲೇ ಇಲ್ಲ. "ಅದನ್ನೂ ನಾನೇ ಅಂಟಿಸಿದ್ದು. ಒಂದು ಹಲ್ಲೂ ಹುಟ್ಟಿದ್ದಲ್ಲ. ಅದು ನೀವೋ, ಅಲ್ವೋ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತು ಮಾಳಿಗೆಯಲ್ಲಿ ತಿರುಗಾಡುತ್ತಿರುವಂತಿತ್ತು. ಕೆಳಗೆ ಅಂಗಡಿಯ ಮುಂದೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದರು. ಔಷಧಿ ಅಂಗಡಿಯವನ ಮೂಗಿನಿಂದ ಒಂದು ನಗು ಹೊರಬಿದ್ದು ಅರ್ಧಕ್ಕೇ ನಿಂತಿತು. ಅವನ ತಮ್ಮ ದಿನಾ ಬೆಳಗ್ಗೆ ಷಡ್ಡಕನ ಹರಾಜಿನಲ್ಲೇ ಮಾಲು ಕೊಳ್ಳುವವನು, ನಾಳೆ ಸೂರ್ಯ ಏರುವುದರೊಳಗೆ ಮಾತು ಮಾರುಕಟ್ಟೆ ಮುಟ್ಟುತ್ತದೆ. ಮುಟ್ಟಲಿ! ಮುಟ್ಟಲಿ ಎಂದು ಇವನ ಎದೆ ಕೂಗುತ್ತಿತ್ತು. ಷಡ್ಡಕ ಮೆಲ್ಲಗೆ ಬಾಯಿ ಮುಚ್ಚಿದ. ಮುಖ ಕೆಂಪಾಗಲಿಲ್ಲ, ಬಯ್ಯಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದ. ಇವನಿಗೆ ಆ ಕರವಸ್ತ್ರದ ಗುರುತು ಸಿಕ್ಕಿತು. ಅದನ್ನು ಬಾಯಿಗೆ ಒತ್ತಿಕೊಳ್ಳುತ್ತಾನೆ, ಮೆಟ್ಟಿಲಿಳಿದು ಹೋಗುತ್ತಾನೆ ಎಂದುಕೊಂಡ. ಷಡ್ಡಕ ಹಾಗೆ ಮಾಡಲಿಲ್ಲ. ಹೆಬ್ಬೆರಳನ್ನು ಬಾಯೊಳಗೆ ಹಾಕಿ ಸೆಟ್ಟನ್ನು ಸಡಿಲಿಸಿ ಹೊರತೆಗೆದ, ಕರವಸ್ತ್ರದಿಂದ ಒರೆಸಿದ, ಬಗ್ಗಿ ಸಮುದ್ರದ ಮೇಲೆ, ಬಂಡೆಗೆ ಮೂಗು ತಾಗಿಸಿ ನಿಂತಿದ್ದ ಹಡಗಿನ ಪಕ್ಕದಲ್ಲಿ, ಅಂಗಾತ ಇಟ್ಟ. ನೀಲಿ ಬಟ್ಟೆಯ ಮೇಲೆ ಗುಲಾಬಿ ವಸಡು ಒದ್ದೆಯಾಗಿ ಹೊಳೆಯಿತು. ದರ್ಜಿ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

ಇವನ ಕಣ್ಣು ಅಭ್ಯಾಸಬಲದಿಂದ ಎಡಗಡೆಯ ಕೊನೆಯ ಹಲ್ಲಿಗೆ ಹೋಯಿತು. ಆ ಎತ್ತರ ಅಲ್ಲಿರಲಿಲ್ಲ. ಹಲ್ಲಿನ ತಲೆ ಚಪ್ಪಟೆಯಾಗಿತ್ತು, ಮೇಲೆಲ್ಲ ಅಡ್ಡಾದಿಡ್ಡಿ ಗೀರುಗಳು, ಕಸುಬು ಗೊತ್ತಿಲ್ಲದ ಕೈ ಹೆದರಿ ಹೆದರಿ ಉಜ್ಜಿದ ಗೀರುಗಳು; ಗೀರಿನೊಳಗೆ ಬೂದು ಬಣ್ಣ ಸಿಕ್ಕಿಕೊಂಡಿತ್ತು. ಹಡಗಿನ ಬಣ್ಣ. ಹಡಗಿನ ಅಂಚು ನಯಮಾಡಿಕೊಳ್ಳಿ ಎಂದು ತಾನೇ ಕೊಟ್ಟ ಅರ. ಎಲ್ಲೋ ಬಾಗಿಲು ಹಾಕಿಕೊಂಡು, ಹೆಂಡತಿಗೂ ಕಾಣದ ಹಾಗೆ, ಈ ಮನುಷ್ಯ ತನ್ನ ಹಲ್ಲನ್ನು ತಾನೇ ಉಜ್ಜಿಕೊಂಡಿದ್ದ. ನೋವಾಗಿತ್ತು. ನೋವಾದರೂ ಬಂದಿರಲಿಲ್ಲ. ಇವನು ಕಟ್ಟಿದ್ದು ಸರಿಯಿಲ್ಲ ಎಂದು ಡಾಕ್ಟರಿಗೆ ದೂರಲಿಲ್ಲ, ಬೀಗರೆದುರು ಆಡಿಕೊಳ್ಳಲಿಲ್ಲ, ಬಾಯಿ ಬಿಟ್ಟರೆ ಪೇಟೆಗೆಲ್ಲ ಕೇಳಿಸುವವನು ಈ ಒಂದು ವಿಷಯದಲ್ಲಿ ಇಷ್ಟು ದಿನ ಮೂಗನಾಗಿದ್ದ. ಇವನು ತಲೆಯೆತ್ತಿದ. ಇವನು ಏನು ನೋಡುತ್ತಿದ್ದಾನೆಂದು ಷಡ್ಡಕ ನೋಡುತ್ತಿದ್ದ. ಮೇಲ್ದುಟಿ ಒಳಗೆ ಮಡಚಿಕೊಂಡಿತ್ತು, ಕಣ್ಣು ಆ ಹಲ್ಲಿನ ಮೇಲೊಮ್ಮೆ ಇಳಿದು ಮತ್ತೆ ಇವನ ಮುಖಕ್ಕೆ ಬಂತು. ಆ ಎತ್ತರ ಬೇಕೆಂದೇ ಬಿಟ್ಟದ್ದೆಂದು ಅವನಿಗೆ ಗೊತ್ತಿತ್ತು, ಮೊದಲಿನಿಂದಲೂ.

"ನೀವೇ ಹೇಳಿ," ಎಂದ ಷಡ್ಡಕ. "ಇದು ನಾನೋ, ಅಲ್ವೋ? ತೀರ್ಪು ನಿಮ್ದು."

ದರ್ಜಿಯೂ ಔಷಧಿ ಅಂಗಡಿಯವನೂ ಇವನ ಕಡೆಗೆ ತಿರುಗಿದರು. ಹೌದು ಎಂದರೆ ಮೂಗೂ ಹಡಗು, ಆ ಹಡಗು ತನ್ನದು, ಯುದ್ಧ ತನ್ನದು. ಒಂದೇ ಮಾತು. ಬೆಳಗಿನಿಂದ ಎಷ್ಟು ಸಲೀಸಾಗಿ ಆಡಿದ ಬಾಯಿ ಇದು.

"ಒಂದು ಶಲ," ಎಂದ ಷಡ್ಡಕ ಮೆಲ್ಲಗೆ. ಯಾರೂ ನಗಲಿಲ್ಲ. ಇವನ ಬಾಯಿ ತೆರೆಯಿತು. "ಎರಡು ಶಲ." ಬಾಯಿ ತೆರೆದೇ ಇತ್ತು. ಮೂರನೆಯದನ್ನು ಷಡ್ಡಕ ಕೂಗಲಿಲ್ಲ. ಅಂಗೈಯನ್ನು ಮೇಜಿನ ಮೇಲೆ ಹಾಗೇ ಎತ್ತಿ ಹಿಡಿದು, ಇವನ ಮಾತಿಗಾಗಿ ಕಾಯುತ್ತ ನಿಂತ.